ಕೆಂಪು ಗೆರೆ ನಿಂತ ಜಾಗ

ಟೀವಿಯ ರಿಮೋಟಿನ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಂಗೈಗಿಂತ ಸ್ವಲ್ಪ ಉದ್ದದ ಆ ಕಪ್ಪು ತುಂಡಿನ ಮೇಲೆ ಕಂಪನಿಗಳು ತಮ್ಮ ತಮ್ಮ ಹೆಸರಿನ ಗುಂಡಿಗಳನ್ನು ಬಣ್ಣ ಬಳಿದು ಕೂರಿಸಿಕೊಂಡಿವೆ. ಆದರೆ ಹಿಂದಕ್ಕೆ ಹೋಗುವ ಗುಂಡಿಗೆ, ಅಂದರೆ ವಯಸ್ಸಾದವರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದ ಗುಂಡಿಗೆ, ಹೆಸರೇ ಇಲ್ಲ. ಬಾಗಿದ ಬಾಣವೊಂದಿದೆ, ಅದೂ ಕಪ್ಪಿನ ಮೇಲೆ ಬೂದು ಬಣ್ಣದಲ್ಲಿ. ಕಣ್ಣಿನ ಪೊರೆ ತೆಗೆಸಿಕೊಂಡವರೊಬ್ಬರಾದರೂ ಆ ಕಾರ್ಖಾನೆಯಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಾನು ತಯಾರಕರಿಗೆ ಮನವಿ ಬರೆದಿದ್ದೇನೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರವೂ ಬಂದಿದೆ. ಆ ಉತ್ತರವನ್ನು ಬರೆದದ್ದು ಮನುಷ್ಯರಲ್ಲ ಎಂಬುದು ಎರಡನೆಯ ಮನವಿಗೂ ಅಕ್ಷರ ತಪ್ಪದೆ ಅದೇ ಉತ್ತರ ಬಂದಾಗ ತಿಳಿಯಿತು.

ಈ ಸ್ವಭಾವ ನನಗೆ ಬಂದದ್ದು ಶಾಲೆಯಿಂದ. ನಾನು ಓದಿದ ಶಾಲೆಯಲ್ಲಿ ಬೆತ್ತವೂ ಇರಲಿಲ್ಲ, ಒಂದನೇ ನಂಬರು ಎರಡನೇ ನಂಬರು ಎಂಬ ಲೆಕ್ಕವೂ ಇರಲಿಲ್ಲ. ಅದಕ್ಕೆ ಬದಲಾಗಿ ಪ್ರತಿ ಶುಕ್ರವಾರ ಮಕ್ಕಳೆಲ್ಲ ಸುತ್ತಾಗಿ ಕುಳಿತು ಆ ವಾರ ಕಣ್ಣಿಗೆ ಬಿದ್ದ ಅನ್ಯಾಯಗಳನ್ನು ಹೆಸರಿಟ್ಟು ಹೇಳಬೇಕಿತ್ತು. ಹೇಳಲು ಏನೂ ಇಲ್ಲದ ಮಗು ವಾರವಿಡೀ ಕಣ್ಣು ಮುಚ್ಚಿಕೊಂಡಿತ್ತೆಂದು ಅರ್ಥ. ಶಾಲೆ ಬಿಟ್ಟು ಇಷ್ಟು ವರ್ಷಗಳಾದರೂ ನನ್ನ ಶುಕ್ರವಾರಗಳು ಮುಗಿದಿಲ್ಲ. ಮನೆಯವರ ಪ್ರಕಾರ ಈಗ ಅವು ವಾರದ ಎಲ್ಲ ದಿನಗಳಿಗೂ ಹಬ್ಬಿವೆ.

ಆದ್ದರಿಂದಲೇ ವಾರಕ್ಕೊಮ್ಮೆ ಶಿರಸಿಯಿಂದ ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋಗುತ್ತೇನೆ. ಅಲ್ಲಿನ ವಾಚನಾಲಯದ ಹಿಂದಿನ ಕೋಣೆಯಲ್ಲಿ ಹಿರಿಯರಿಗೆ ಸ್ಮಾರ್ಟ್ ಟೀವಿ ಬಳಸುವುದನ್ನು ಕಲಿಸುತ್ತೇನೆ. ಕಲಿಸುವುದು ಎಂದರೆ ಬಹುಮಟ್ಟಿಗೆ ಕ್ಷಮೆ ಕೇಳುವುದು. ಪರದೆಯ ಮೇಲೆ ಒಂದು ಹೆಸರನ್ನು ಹುಡುಕಬೇಕಾದರೆ ಬಾಣದ ಗುಂಡಿ ಒತ್ತುತ್ತಾ ಅಕ್ಷರದಿಂದ ಅಕ್ಷರಕ್ಕೆ ಕಾಲ್ನಡಿಗೆಯಲ್ಲಿ ಹೋಗಬೇಕು. ದಾರಿಯಲ್ಲಿ ಒಂದು ಹೆಜ್ಜೆ ಹೆಚ್ಚಾದರೆ ಮತ್ತೆ ಹಿಂದಕ್ಕೆ. ಹಾವೇರಿ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ನಿವೃತ್ತ ಮಾಸ್ತರರೊಬ್ಬರು ಮೊದಲ ದಿನವೇ, “ಅಕ್ಕಾರ, ನಮ್ಮ ಸಾಲ್ಯಾಗ ಹುಡುಗ್ರು ಅಕ್ಷರ ಕಲಿಯೂದು ತಡಾ ಮಾಡಿದ್ರ ಹೊಡೀತಿದ್ದೆ ನೋಡ್ರಿ. ಈಗ ಅವರು ಎಲ್ಲರೂ ಸೇರಿ ಈ ಮಷೀನು ಕಳಿಸ್ಯಾರ,” ಎಂದಿದ್ದರು.

ಮಾದೇವಕ್ಕ ನನಗೆ ಪರಿಚಯವಾದದ್ದು ಆ ಕೋಣೆಯಲ್ಲೇ. ಎಪ್ಪತ್ತು ದಾಟಿದ ಸಣಕಲು ಹೆಂಗಸು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಗ ಸುಬ್ರಾಯ, ಸೊಸೆಯ ಜೊತೆ ವಾಸ. ಸುಬ್ರಾಯರದು ಬೈಕ್ ರಿಪೇರಿಯ ಗ್ಯಾರೇಜು, ಸೊಸೆಗೆ ಶಾಲೆಯಲ್ಲಿ ಕೆಲಸ. ಮಾದೇವಕ್ಕನ ಗಂಡ, ಊರವರ ಬಾಯಲ್ಲಿ ‘ಕಂಡಕ್ಟರ್ ಹೆಗಡೇರು’, ಕೆಲವು ತಿಂಗಳ ಹಿಂದೆ ತೀರಿಕೊಂಡಿದ್ದರು. ಉಳಿದವರೆಲ್ಲ ಹೊಸ ಧಾರಾವಾಹಿ ಹುಡುಕುವುದು ಹೇಗೆ, ಜಾಹೀರಾತು ದಾಟಿಸುವುದು ಹೇಗೆ ಎಂದು ಕೇಳುತ್ತಿದ್ದಾಗ ಅವರು ಮಾತ್ರ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು.

“ತಂಗೀ, ಆನು ನೋಡಿರೂ ಅವ್ರ ಗೆರೆ ಮುಂದೆ ಹೋಗ್ದೇ ಇಪ್ಪಾಂಗೆ ಮಾಡಲೆ ಬತ್ತಾ?”

ತಾನು ನೋಡಿದರೂ ಗಂಡನ ಗೆರೆ ಮುಂದೆ ಹೋಗದ ಹಾಗೆ ಮಾಡಲು ಬರುತ್ತದೆಯೇ ಎಂದು. ಯಾವ ಗೆರೆ ಎಂದು ನನಗೆ ತಿಳಿಯಲಿಲ್ಲ. ತರಗತಿ ಮುಗಿದ ಮೇಲೆ ಅವರ ಮನೆಗೆ ಹೋದೆ. ಟೀವಿ ಹಾಕಿ, ಒಂದು ಆ್ಯಪು ತೆರೆದು, ಅರ್ಧ ನೋಡಿ ಬಿಟ್ಟ ವಿಡಿಯೋಗಳ ಸಾಲನ್ನು ತೋರಿಸಿದರು. ಎಲ್ಲವೂ ಯಕ್ಷಗಾನ. ಪ್ರತಿ ಚಿತ್ರದ ಕೆಳಗೂ ಒಂದು ಕೆಂಪು ಗೆರೆ. ನೋಡುವವರು ಎಲ್ಲಿಯವರೆಗೆ ನೋಡಿ ಬಿಟ್ಟರೋ ಅಲ್ಲಿಗೆ ಬಂದು ನಿಂತಿದೆ. ನಾವೆಲ್ಲ ದಿನವೂ ನೋಡುವ, ನೋಡಿದ್ದೇವೆಂದು ಗೊತ್ತೇ ಇರದ ಗೆರೆ ಅದು.

ಹೆಗಡೆಯವರು ಯಕ್ಷಗಾನದ ಒಂದು ಆಟವನ್ನೂ ಕೊನೆಯವರೆಗೆ ನೋಡಿದವರಲ್ಲವಂತೆ. ನೌಕರಿಯಲ್ಲಿದ್ದಾಗ ಅವರ ಬಸ್ಸು ಅರಬೈಲ್ ಘಟ್ಟ ಇಳಿದು ಹೋಗಿ ಯಾವುದೋ ಹಳ್ಳಿಯಲ್ಲಿ ರಾತ್ರಿ ತಂಗುತ್ತಿತ್ತು. ಅಲ್ಲಿ ಆಟವಿದ್ದರೆ ಹೋಗಿ ಕೂರುವರು. ಆದರೆ ಬೆಳಗಿನ ಮೊದಲ ಬಸ್ಸು ತಮ್ಮದೇ ಆದ್ದರಿಂದ ನಡುವೆ ಎದ್ದು ಬರುವರು. ನಿವೃತ್ತಿಯ ನಂತರ ಮನೆಗೆ ಟೀವಿ ಬಂದಾಗ ಯಾರೂ ಎಬ್ಬಿಸುವವರಿರಲಿಲ್ಲ. ಆದರೂ ಅಭ್ಯಾಸ ಬಿಡಲಿಲ್ಲ. ಆಟ ರಂಗೇರುತ್ತಿದ್ದ ಹಾಗೆ ರಿಮೋಟ್ ಕೆಳಗಿಟ್ಟು ಏಳುವರು. ಹಾಗಾಗಿ ಸಾಲಿನಲ್ಲಿದ್ದ ಎಲ್ಲ ಗೆರೆಗಳೂ ಅರ್ಧಕ್ಕೋ ಮುಕ್ಕಾಲಿಗೋ ನಿಂತಿದ್ದವು.

“ಅವ್ರು ಇಲ್ಲಿವರೆಗೆ ನೋಡಿದ್ರು ನೋಡು,” ಎಂದು ಮಾದೇವಕ್ಕ ಪರದೆಯ ಹತ್ತಿರ ಹೋಗಿ, ಮುಟ್ಟದೆ, ಬೆರಳಿನಿಂದ ತೋರಿಸಿದರು. “ಆನು ಒತ್ತಿದ್ರೆ ಇದು ಮುಂದೆ ಹೋಗ್ತು. ಹೋದ್ಮೇಲೆ ಅವ್ರು ಎಲ್ಲಿ ನಿಲ್ಸಿದ್ರು ಹೇಳಿ ಗೊತ್ತಾಪ್ಪಲಿಲ್ಲೆ.”

ಅವರು ಸಂಜೆ ಟೀವಿ ಹಾಕಿ ಏನನ್ನೂ ನೋಡದೆ ಆ ಸಾಲಿನ ಮುಂದೆ ಕೂರುತ್ತಿದ್ದರೆಂದು ಆಮೇಲೆ ಸೊಸೆ ಹೇಳಿದಳು.

ಇದಕ್ಕೊಂದು ಉಪಾಯವಿತ್ತು. ಆ ಆ್ಯಪಿನಲ್ಲಿ ‘ಅತಿಥಿ’ ಎಂಬ ಇನ್ನೊಂದು ಬಾಗಿಲಿದೆ. ಅಲ್ಲಿಂದ ಒಳಗೆ ಹೋದವರು ಏನು ನೋಡಿದರೂ ಒಡೆಯನ ಸಾಲಿಗೆ ಧಕ್ಕೆಯಿಲ್ಲ. ನಾನು ಅದನ್ನು ತೋರಿಸಿಕೊಟ್ಟೆ, ತೋರಿಸುತ್ತಲೇ ಒಳಗೊಳಗೆ ಕುದಿದೆ. ಐವತ್ತು ವರ್ಷ ಬಾಳಿದ ಮನೆಯ ಟೀವಿಯನ್ನು ಒಬ್ಬ ಹೆಂಗಸು ಅತಿಥಿಯಾಗಿ ನೋಡಬೇಕೆಂದರೆ ಅದೆಂತಹ ವ್ಯವಸ್ಥೆ? ಖಾತೆ ಗಂಡನ ಹೆಸರಿನಲ್ಲಿ, ಫೋನ್ ನಂಬರು ಗಂಡನದು; ಅವರು ಇರುವವರೆಗೆ ಹೆಂಡತಿಗೆ ತನ್ನದೆಂಬ ಒಂದು ನಂಬರೂ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಸುಬ್ರಾಯ ತಾಯಿಗೊಂದು ಸಣ್ಣ ಗುಂಡಿ ಫೋನು ತಂದುಕೊಟ್ಟಿದ್ದರು. ಒಬ್ಬ ಹೆಂಗಸಿಗೆ ಸ್ವಂತ ನಂಬರು ಸಿಗಬೇಕಾದರೆ ಮನೆಯಲ್ಲಿ ಸಾವಾಗಬೇಕೆ? ಇದನ್ನೆಲ್ಲ ನಾನು ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ. ಮಾದೇವಕ್ಕ ಕೇಳಿಸಿಕೊಂಡು, “ಅತಿಥಿ ಆದ್ರೂ ಚಾ ಆನೇ ಮಾಡ್ಕ್ಯಳವು. ನೀ ಕುಡೀತ್ಯಾ?” ಎಂದರು.

ಹೀಗೆ ಸ್ವಲ್ಪ ಕಾಲ ನಡೆಯಿತು. ಅತಿಥಿಯ ಬಾಗಿಲಿನಿಂದ ಹೋಗಿ ಅವರು ಕೈಗೆ ಬಂದದ್ದನ್ನು ಒಂದಿಷ್ಟು ನೋಡುವರು; ಏಳುವ ಮುಂಚೆ ಒಡೆಯನ ಬಾಗಿಲಿನಿಂದ ಒಮ್ಮೆ ಹೋಗಿ ಗೆರೆಗಳು ಇದ್ದಲ್ಲೇ ಇವೆಯೆಂದು ನೋಡಿಕೊಂಡು ಬರುವರು. ನಮ್ಮ ಸೀಮೆಯಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ, ಕಾಗೆ ಬರುವವರೆಗೆ ಅಂಗಳದಲ್ಲಿ ಕಾಯುತ್ತಾರೆ. ನಾನು ಅವನ್ನು ನಂಬುವವಳಲ್ಲ, ನಂಬಬೇಡಿ ಎಂದು ಭಾಷಣ ಮಾಡಿದವಳು. ಆದರೆ ಮನುಷ್ಯರು ಎಲ್ಲ ಕಾಲದಲ್ಲೂ ಹೋದವರಿಗಾಗಿ ಒಂದಿಷ್ಟು ಜಾಗ ಬಿಟ್ಟಿದ್ದಾರೆ: ಎಲೆಯ ಮೇಲೆ, ಗೋಡೆಯ ಮೊಳೆಯಲ್ಲಿ, ಹಾಸಿಗೆಯ ಎಡಮಗ್ಗುಲಲ್ಲಿ. ಮಾದೇವಕ್ಕ ಬಿಟ್ಟ ಜಾಗ ಒಂದು ಗೆರೆಯ ತುದಿಯಲ್ಲಿತ್ತು. ಆ ಜಾಗದ ಬೀಗದ ಕೈ ಮಾತ್ರ ಅವರ ಹತ್ತಿರ ಇರಲಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಸುಬ್ರಾಯರ ಫೋನು ಬಂತು. ಟೀವಿ ತಾನಾಗಿಯೇ ಹೊಸ ಆವೃತ್ತಿಗೆ ಬದಲಾಗಿದೆ, ಆ್ಯಪು ಮತ್ತೆ ಲಾಗಿನ್ ಕೇಳುತ್ತಿದೆ, ಅಮ್ಮ ಊಟ ಮಾಡಿಲ್ಲ. ನಾನು ಸಿಕ್ಕ ಬಸ್ಸು ಹತ್ತಿದೆ. ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಜನರ ಮನೆಯೊಳಗೆ ಕೈಹಾಕಿ ಜೋಡಿಸಿಟ್ಟದ್ದನ್ನು ಚೆಲ್ಲಿಹೋಗುವ ಈ ಕ್ರಮಕ್ಕೆ ಅವರು ಇಟ್ಟಿರುವ ಹೆಸರು ‘ಸುಧಾರಣೆ’. ನಾನೂ ಆಯುಷ್ಯವೆಲ್ಲ ಸುಧಾರಣೆಯ ಪಕ್ಷದವಳೇ. ಆದರೂ ಆ ದಿನ ಬಸ್ಸಿನಲ್ಲಿ ಆ ಮಾತಿನ ಬಗ್ಗೆ ಸಂಕೋಚವಾಯಿತು.

ಪರದೆ ಫೋನ್ ನಂಬರು ಕೇಳುತ್ತಿತ್ತು. ಸುಬ್ರಾಯ ಅಪ್ಪನ ನಂಬರು ಹೇಳಿದರು, ನಾನು ಒತ್ತಿದೆ. ‘ನಿಮ್ಮ ಫೋನಿಗೆ ಸಂಖ್ಯೆಯೊಂದನ್ನು ಕಳುಹಿಸಿದ್ದೇವೆ’ ಎಂದು ಬಂತು.

“ಫೋನು ಕೊಡಿ,” ಎಂದೆ.

ಮಾದೇವಕ್ಕ, “ಅದು ಕೊಟ್ಟಾತಲ್ದಾ,” ಎಂದರು.

ಉತ್ತರಕ್ರಿಯೆಯ ದಿನ ಸತ್ತವರ ಹೆಸರಿನಲ್ಲಿ ಕೊಡೆ, ಚಪ್ಪಲಿ, ಊರುಗೋಲು, ಹಾಸಿಗೆ, ನೀರಿನ ತಂಬಿಗೆ ದಾನ ಕೊಡುವ ಪದ್ಧತಿ ಈ ಕಡೆಯ ಮನೆಗಳಲ್ಲಿದೆ. ಹೋಗುವ ದಾರಿ ದೂರ, ಬಿಸಿಲು ಮಳೆಯುಂಟು, ಮುಳ್ಳುಂಟು ಎಂಬ ಲೆಕ್ಕ. ದಾನ ತೆಗೆದುಕೊಳ್ಳಲು ಬಂದಿದ್ದವರು ಸಿದ್ದಾಪುರ ಕಡೆಯ ಹಳ್ಳಿಯ ಭಟ್ಟರು.

“ದಾರಿಲಿ ಬೇಕಾಪ್ಪದು ಕೊಡವು ಹೇಳಿ ಭಟ್ರು ಹೇಳಿದ್ರು. ಕೊಡೆ ಕೊಟ್ಟೆ, ಚಪ್ಪಲಿ ಕೊಟ್ಟೆ. ಅವ್ರು ಫೋನಿಲ್ದೆ ಗೇಟು ದಾಟ್ದವ್ರೇ ಅಲ್ಲ. ಅದ್ಕೆ ಅದ್ನೂ ಇಟ್ಟೆ,” ಎಂದರು ಮಾದೇವಕ್ಕ. “ಪೂರ್ತಿ ಚಾರ್ಜ್ ಮಾಡಿ ಇಟ್ಟೆ,” ಎಂದೂ ಸೇರಿಸಿದರು.

ಸಿಮ್ಮನ್ನು ತೆಗೆಯಬೇಕೆಂದು ಯಾರಿಗೂ ತೋಚಿರಲಿಲ್ಲ. ಅಥವಾ ತೋಚಿದ್ದರೂ, ಸಿಮ್ ಇಲ್ಲದ ಫೋನು ಯಾವ ದಾರಿಗೆ ಆದೀತು? ಹೆಗಡೆಯವರು ಹೋಗುವ ಮುಂಚೆಯಷ್ಟೇ ವರ್ಷದ ರೀಚಾರ್ಜು ಮಾಡಿಸಿದ್ದರು. ನಂಬರು ಜೀವಂತವಾಗಿತ್ತು.

“ಭಟ್ರಿಗೆ ಒಂದು ಫೋನ್ ಮಾಡಿರೆ ಮುಗೀತು ಆಯೀ. ಸಂಖ್ಯೆ ಓದಿ ಹೇಳ್ತ್ರು,” ಎಂದರು ಸುಬ್ರಾಯ.

“ಕೇಳಲಾಗ,” ಎಂದು ಮಾದೇವಕ್ಕ ತಡೆದರು.

“ಫೋನು ಕೇಳದಲ್ಲ, ಸಂಖ್ಯೆ ಕೇಳದು.”

“ಫೋನು ಅವ್ರದ್ದು. ಅದಕ್ಕೆ ಬಂದದ್ದೂ ಅವ್ರದ್ದು. ಕೊಟ್ಟದ್ರಲ್ಲಿ ಪಾಲು ಕೇಳದು ಎಂತಕ್ಕೆ?”

ಇಷ್ಟರಲ್ಲಿ ಸಂಖ್ಯೆಯ ಹೊತ್ತು ಮೀರಿತು. ನಾನು ಇನ್ನೊಮ್ಮೆ ಕಳಿಸಲು ಒತ್ತಿದೆ, ಅದೂ ಮೀರಿತು; ಮತ್ತೊಮ್ಮೆ ಒತ್ತಿದೆ. ಒತ್ತುತ್ತಲೇ ಇನ್ನೊಂದು ದಾರಿ ಹೇಳಿದೆ: ಅಂಗಡಿಗೆ ಕಾಗದಪತ್ರ ಕೊಟ್ಟು ಅದೇ ನಂಬರಿನ ಹೊಸ ಸಿಮ್ ತೆಗೆಸಬಹುದು. ಭಟ್ಟರ ಫೋನು ಭಟ್ಟರ ಹತ್ತಿರವೇ ಇರುತ್ತದೆ, ಯಾರನ್ನೂ ಏನೂ ಕೇಳಬೇಕಾಗಿಲ್ಲ.

“ಹೊಸ್ತು ತೆಗಸಿರೆ ಹಳೇದು ಎಂತಾಗ್ತು ತಂಗೀ?”

“ಅದು ನಿಂತುಹೋಗ್ತದೆ ಅಕ್ಕ.”

“ಅಂದ್ರೆ ಅವ್ರ ಫೋನು ಬಂದ್ ಆಗ್ತು.”

ಸತ್ತವರು ಹೋಗುವ ಆ ದಾರಿಯನ್ನೂ ಆ ಪ್ರಯಾಣವನ್ನೂ ನಾನು ನಂಬುವುದಿಲ್ಲವೆಂದು ಮತ್ತೊಮ್ಮೆ ಹೇಳುತ್ತೇನೆ. ದುಃಖದಲ್ಲಿರುವ ಮನೆಯಿಂದ ವಸ್ತುಗಳನ್ನು ಎತ್ತಿಸುವ ಪದ್ಧತಿಯ ವಿರುದ್ಧ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಆದರೆ ದಾನ ಕೊಡುವಾಗ ನೀರು ಬಿಟ್ಟು ‘ನ ಮಮ’ ಎನ್ನುತ್ತಾರೆ. ಇದು ನನ್ನದಲ್ಲ ಎಂದು ಅರ್ಥ. ಕೊಟ್ಟು, ಇನ್ನೊಬ್ಬರು ಒಪ್ಪಿ ತೆಗೆದುಕೊಂಡ ಮೇಲೆ ಹಾಗೆಲ್ಲ ಹಿಂದಕ್ಕೆ ಪಡೆಯಲಾಗದೆಂದು ಕಾನೂನೂ ಹೇಳುತ್ತದೆ. ಆ್ಯಪಿನವರ ಷರತ್ತುಗಳೂ, ನಾವೆಲ್ಲ ಓದದೆ ಒಪ್ಪಿಗೆ ಒತ್ತುವ ಆ ಉದ್ದನೆಯ ಪುಟಗಳೂ, ಇಲ್ಲಿರುವುದು ಯಾವುದೂ ನಿನ್ನದಲ್ಲ ಎಂದೇ ಹೇಳುತ್ತವೆ. ಶಾಸ್ತ್ರ, ಕಾನೂನು, ಕಂಪನಿ ಮೂರರ ಮಾತೂ ಒಂದೇ. ಆ ಮಾತನ್ನು ಅರ್ಥ ತಿಳಿದು ಒಪ್ಪಿದವರನ್ನು ನಾನು ನೋಡಿದ್ದು ಆವತ್ತೇ, ಮಾದೇವಕ್ಕನಲ್ಲಿ. ಒಪ್ಪಿದ್ದಕ್ಕೆ ತೆರಬೇಕಾದದ್ದೂ ಅವರಿಗೆ ಚೆನ್ನಾಗಿ ತಿಳಿದಿತ್ತು. ಅವರ ಕಣ್ಣು ಪರದೆಯನ್ನು ಬಿಟ್ಟಿರಲಿಲ್ಲ.

ಆಗ ಟೀಪಾಯಿಯ ಮೇಲಿದ್ದ ಸುಬ್ರಾಯರ ಫೋನು ರಿಂಗಾಯಿತು. ಬೆಳಗಿದ ಗಾಜಿನ ಮೇಲೆ ‘ಅಪ್ಪಯ್ಯ’ ಎಂಬ ಹೆಸರು, ಅದರ ಮೇಲೆ ಹೆಗಡೆಯವರ ಫೋಟೋ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ನಿಂತದ್ದು.

ಯಾರೂ ಕೈ ಚಾಚಲಿಲ್ಲ. ಗ್ರೀಸು ಮೆತ್ತಿದ ಬೆರಳುಗಳನ್ನು ಸುಬ್ರಾಯ ಮಡಚಿಕೊಂಡರು. ಕೊನೆಗೆ ಮಾದೇವಕ್ಕ ಸೆರಗಿಗೆ ಕೈ ಒರೆಸಿಕೊಂಡು ಫೋನನ್ನು ಎತ್ತಿ ಕಿವಿಗೆ ಹಿಡಿದರು. ಹಲೋ ಎನ್ನಲಿಲ್ಲ. ಆ ಕಡೆಯವರೂ ಒಂದು ಕ್ಷಣ ಸುಮ್ಮನಿದ್ದಿರಬೇಕು. ಮಾದೇವಕ್ಕನ ಮುಖದಲ್ಲಿ ಆ ಒಂದು ಕ್ಷಣ ಕಂಡದ್ದನ್ನು ನಾನು ಬರೆಯಲಾರೆ.

ಕರೆ ಮಾಡಿದವರು ಭಟ್ಟರು. ಸುಬ್ರಾಯ ಸ್ಪೀಕರ್ ಒತ್ತಿದ ಮೇಲೆ ನಮಗೂ ಕೇಳಿಸಿತು. ಎರಡು ಸಿಮ್ ಹಾಕುವ ಫೋನಾದ್ದರಿಂದ ತಮ್ಮದನ್ನು ಇನ್ನೊಂದು ಕಡೆ ಹಾಕಿ ಹಳೆಯದನ್ನು ಹಾಗೆಯೇ ಬಿಟ್ಟಿದ್ದರು. ಕರೆ ಯಾವುದರಿಂದ ಹೋಯಿತೆಂದು ಅವರಿಗೂ ಗೊತ್ತಿರಲಿಲ್ಲ.

“ಸುಬ್ರಾಯಾ, ನಿಮ್ಮಪ್ಪಯ್ಯನ ನಂಬರಿಗೆ ಬೆನ್ನು ಬೆನ್ನಿಗೆ ಎಂತದೋ ಸಂಖ್ಯೆ ಬತ್ತಾ ಇದ್ದು. ಯಾರೋ ಕಳ್ಳನೇ ಇರವು. ಆನು ಯಾರಿಗೂ ಹೇಳಿದ್ನಿಲ್ಲೆ.”

“ಕಳ್ಳ ಅಲ್ಲ ಭಟ್ರೇ, ಯಂಗವೇ ಇಲ್ಲಿ ಒತ್ತಿದ್ದು. ಟೀವಿಗೆ ಬೇಕಾಗಿತ್ತು.”

“ಟೀವಿಗಾ? ಹಾಂಗಾರೆ ಬರ್ಕ, ಹೇಳ್ತೆ. ಅಲ್ಲ, ತಡಿ. ಯಾರಿಗೂ ಹೇಳಲಾಗ ಹೇಳಿ ಇದ್ರಲ್ಲೇ ಬರದ್ದು. ನಿಂಗಳೇ ಹೌದನಾ?”

ನಾನು ರಿಮೋಟನ್ನು ಹಿಡಿದು ಸಿದ್ಧವಾದೆ. ಕೇಳಬಾರದಿತ್ತು, ಕೇಳಲಿಲ್ಲ, ಅವರೇ ಕೊಡುತ್ತಿದ್ದಾರೆ. ಇದಕ್ಕಿಂತ ಸರಿಯಾದ ದಾರಿ ಇನ್ನಾವುದು? ಆದರೆ ಮಾದೇವಕ್ಕ ಫೋನಿನ ಹತ್ತಿರಕ್ಕೆ ಬಾಗಿದರು.

“ಭಟ್ರೇ, ಸಂಖ್ಯೆ ಹೇಳದು ಬೇಡ. ಫೋನು ಸರಿ ಇದ್ದಾ?”

“ಸರಿ ಇದ್ದು ತಾಯೀ. ಎಂತಕ್ಕೆ?”

“ಚಾರ್ಜು ನಿಲ್ತಾ?”

“ಒಂದಿನ ಬತ್ತು.”

“ಬೆಲ್ಲು ಸಣ್ಣ ಮಾಡಡಿ, ದೊಡ್ಡಕ್ಕೇ ಇರ್ಲಿ. ಬಸ್ಸಿನ ಶಬ್ದಕ್ಕೆ ಅವ್ರ ಕಿವಿ ಮಂದ ಆಗಿತ್ತು.”

“ಇಲ್ಲೆ ತಾಯೀ. ಅವ್ರು ಇಟ್ಟಾಂಗೇ ಇದ್ದು. ಆನು ಮುಟ್ಟಿದ್ನಿಲ್ಲೆ.”

“ಅಷ್ಟಾರೆ ಸಾಕು,” ಎಂದು ಮಾದೇವಕ್ಕ ಫೋನನ್ನು ಮಗನಿಗೆ ಕೊಟ್ಟರು. ಪರದೆಯ ಮೇಲೆ ಮೂರನೆಯ ಸಲವೂ ಹೊತ್ತು ಮೀರಿತ್ತು.

ನನ್ನಲ್ಲಿ ಹೇಳಲು ಬೇಕಾದಷ್ಟಿತ್ತು. ಮನುಷ್ಯ ಸತ್ತರೆ ಪಡಿತರಕ್ಕೆ ಹೇಳಲು ಒಂದು ಕಚೇರಿಯಿದೆ, ಪಿಂಚಣಿಗೆ ಒಂದಿದೆ, ಬ್ಯಾಂಕಿಗೂ ಒಂದು ಕ್ರಮವಿದೆ. ಅವನು ಏನನ್ನು ನೋಡಿ ನಕ್ಕ, ಎಲ್ಲಿಗೆ ನಿಲ್ಲಿಸಿದ ಎಂಬುದನ್ನು ಅವನ ಹೆಂಡತಿಗೆ ಒಪ್ಪಿಸಲು ಮಾತ್ರ ಯಾವ ಕಿಟಕಿಯೂ ಇಲ್ಲ. ಇದು ಅನ್ಯಾಯ, ದೊಡ್ಡ ಅನ್ಯಾಯ. ಆದರೆ ಆ ಕೋಣೆಯಲ್ಲಿ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಟೀವಿಯ ಗೆರೆ, ಗಂಡನ ಜೊತೆ ಕಳಿಸಿದ ಫೋನು ಈ ಎರಡರಲ್ಲಿ ಒಂದೇ ಉಳಿಯುವುದಾದರೆ ಯಾವುದು ಉಳಿಯಬೇಕೆಂದು ಅವರು ತೀರ್ಮಾನಿಸಿಯಾಗಿತ್ತು.

“ಯನ್ನ ನಂಬರು ಹಾಕು,” ಎಂದರು.

ಅವರ ನಂಬರು ಅವರಿಗೆ ಬಾಯಿಪಾಠವಿರಲಿಲ್ಲ, ಸುಬ್ರಾಯ ಹೇಳಿದರು. ಸಣ್ಣ ಫೋನು ಟಿಣ್ ಎಂದಿತು. ಸಂಖ್ಯೆಯನ್ನು ಅವರೇ ಕನ್ನಡಕ ಏರಿಸಿ ಒಂದೊಂದಾಗಿ ಓದಿದರು, ಅವರೇ ರಿಮೋಟಿನಿಂದ ಒತ್ತಿದರು. ಆ್ಯಪು ತೆರೆಯಿತು. ಸಾಲು ಇರಲಿಲ್ಲ. ಗೆರೆಗಳಿರಲಿಲ್ಲ. ಬಿಳಿ ಬಳಿದ ಗೋಡೆಯ ಹಾಗೆ ಖಾಲಿ.

“ಅವ್ರದ್ದೆಲ್ಲ ಎಲ್ಲಿ ಹೋತು ತಂಗೀ?”

“ಅವರ ಖಾತೆಯಲ್ಲಿ ಇದ್ದ ಹಾಗೇ ಇರ್ತದೆ ಅಕ್ಕ. ನಮಗೆ ಕಾಣುವುದಿಲ್ಲ ಅಷ್ಟೇ.”

“ಯಾರಾರೂ ಒತ್ತಿರೆ?”

“ಒತ್ತಲಿಕ್ಕೆ ಯಾರಿಗೂ ಆಗುವುದಿಲ್ಲ.”

“ಹಾಂಗಾರೆ ಮುಂದೆ ಹೋಗ್ತಿಲ್ಲೆ,” ಎಂದರು. ಅಳಲಿಲ್ಲ. ಅತ್ತದ್ದು ಸುಬ್ರಾಯ, ಅದೂ ಚಾ ಕಪ್ಪುಗಳನ್ನು ಒಳಗಿಡುವ ನೆವದಲ್ಲಿ ಅಡುಗೆಮನೆಗೆ ಹೋಗಿ.

ಅಷ್ಟರಲ್ಲಿ ಪರದೆಯ ಮೇಲೆ ಚೌಕ ಚೌಕವಾಗಿ ಚಿತ್ರಗಳು ಮೂಡಿದವು. ಹೊಸಬರು ಬಂದಾಗ ಆ್ಯಪು ಕೇಳುವ ಪ್ರಶ್ನೆ: ‘ನಿಮಗೆ ಏನು ಇಷ್ಟ? ಮೂರನ್ನು ಆರಿಸಿ.’ ನಾನು ಓದಿ ಹೇಳಿದೆ. ಅವರು ರಿಮೋಟನ್ನು ಮಡಿಲಲ್ಲಿಟ್ಟುಕೊಂಡರು.

“ಅಡುಗೆ ಹಾಕೋಣವಾ?” ಎಂದೆ.

“ಅಡುಗೆ ಮಾಡ್ತೆ. ಇಷ್ಟ ಹೇಳಿ ಯಾರು ಹೇಳಿದ್ದು ನಿಂಗೆ?”

“ಭಜನೆ?”

“ಇವತ್ತು ಬೇಡ.”

ಯಕ್ಷಗಾನದ ಚೌಕದ ಹೆಸರನ್ನು ನಾನೇ ಎತ್ತಲಿಲ್ಲ. ಹಾಡು, ಕಾಡು, ಕ್ರಿಕೆಟ್ಟು, ಊರೂರು ತಿರುಗುವವರ ವ್ಲಾಗು ಎಲ್ಲವೂ ಮುಗಿದು ಮೊದಲಿನಿಂದ ಬಂತು.

“ಮಾವನಿಗೆ ಎಂತ ಇಷ್ಟ, ಅವ್ರಿಗೆ ಎಂತ ಇಷ್ಟ, ಸುಬ್ರಾಯಂಗೆ ಎಂತ ಇಷ್ಟ ಕೇಳು, ನಿದ್ದೆಲೂ ಹೇಳ್ತೆ,” ಎಂದರು ಮಾದೇವಕ್ಕ. “ಯಂಗೆ ಎಂತ ಇಷ್ಟ ಹೇಳಿ ಇಷ್ಟು ವರ್ಷದಲ್ಲಿ ಯಾರೂ ಕೇಳಿದ್ವಿಲ್ಲೆ. ಇದು ಬಂದು ಒಂದೇ ಸಲ ಮೂರು ಕೇಳ್ತು.” ಆಮೇಲೆ ಕೆಂಪು ಗುಂಡಿ ಹುಡುಕಿ ತಾವೇ ಟೀವಿ ಬಂದ್ ಮಾಡಿದರು. “ಇನ್ನೊಂದಿನ ಹೇಳ್ತೆ ಹೇಳು ಅದಕ್ಕೆ.”

ಮುಂದಿನ ವಾರ ತರಗತಿಗೆ ಬಂದಾಗ ಆರಿಸಿದಿರಾ ಎಂದು ಕೇಳಿದೆ. ಇಲ್ಲವಂತೆ, ಟೀವಿ ಹಾಕಿದಾಗಲೆಲ್ಲ ಆ ಪುಟ ಬಂದು ನಿಲ್ಲುತ್ತದೆ, ಅವರು ಅದರ ಮುಂದೆ ಕೂರುತ್ತಾರೆ. ಮೂರನ್ನು ಆರಿಸದೆ ಮುಂದಕ್ಕೆ ಬಿಡದ ಆ ಪುಟವನ್ನು ಹೇಗಾದರೂ ದಾಟಿಸುವ ಉಪಾಯ ನನಗೆ ಗೊತ್ತಿತ್ತು, ಹೇಳಲಿಲ್ಲ. ಒಂದು ಆಯುಷ್ಯ ತಡವಾಗಿ ಬಂದ ಪ್ರಶ್ನೆ ಅದು. ಉತ್ತರಕ್ಕೆ ಕೆಲವು ವಾರ ಹಿಡಿದರೆ ತಡವಾಯಿತೆಂದು ದೂರುವ ಹಕ್ಕು ಯಾರಿಗೂ ಇಲ್ಲ. ಯಂತ್ರಕ್ಕಂತೂ ಕಾಯುವುದರಿಂದ ನಷ್ಟವಿಲ್ಲ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನು ಕೇಳುವ ಮುಂಚೆ ಅವರೇ ಹತ್ತಿರ ಬಂದು, ಪಕ್ಕದವರಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ ಹೇಳಿದರು.

“ಒಂದು ಸಿಕ್ಕಿದ್ದು ತಂಗೀ. ಎಂತದು ಹೇಳಿ ಈಗ್ಲೇ ಹೇಳ್ತಿಲ್ಲೆ. ಇನ್ನೆರಡು ಹುಡುಕ್ತಾ ಇದ್ದೆ.”